ಮುಮ್ಮಡಿ ಕೃಷ್ಣರಾಜರೂ ಅವರ ಎಲೆಗಳೂ

ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಹಾರನಹಳ್ಳಿಗೆ ಬಂದಾಗ ತನ್ನ ಪುಸ್ತಕಗಳ ನಡುವೆ ಒಂದು ಕಟ್ಟು ಎಲೆಗಳನ್ನು ತಂದಿದ್ದಳು. ಇಸ್ಪೀಟಿನ ಎಲೆಗಳಿರಬೇಕೆಂದು ನಾನು ಮೊದಲು ಎಣಿಸಿದೆ. ಅವು ಇಸ್ಪೀಟಲ್ಲ, ಟ್ಯಾರೋ ಎಂಬ ಎಲೆಗಳು ಎಂದು ಅವಳು ತಿಳಿಸಿದಳು. ಒಟ್ಟು 78, ಅವುಗಳಲ್ಲಿ 22 ಬರಿಯ ಚಿತ್ರದ ಎಲೆಗಳು, ಉಳಿದ 56 ನಾಲ್ಕು ರಂಗುಗಳಿಗೆ ಸೇರಿದವು. ದಿನವೂ ಬೆಳಗ್ಗೆ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಕಟ್ಟನ್ನು ಕಲಸಿ, ಒಂದೇ ಒಂದು ಎಲೆಯನ್ನು ತೆಗೆಯುವಳು. ಅದರ ಅರ್ಥವನ್ನು ಹೇಳುವ ಪುಸ್ತಕವನ್ನು ತೆರೆಯುವ ಮೊದಲು, ಚಿತ್ರದಲ್ಲಿ ತನಗೆ ಕಂಡದ್ದೇನೆಂಬುದನ್ನು ನಾಲ್ಕು ಸಾಲು ಬರೆದಿಡುವಳು. ಸಂಜೆ ಅದೇ ಹಾಳೆಯನ್ನು ಮತ್ತೆ ತೆರೆದು, ಆ ದಿನ ನಡೆದುದನ್ನು ಅದರ ಕೆಳಗೆ ಬರೆಯುವಳು. ಇದು ಅವಳು ತಾನೇ ಕಂಡುಕೊಂಡಿದ್ದ ಕಲಿಕೆಯ ಕ್ರಮ. ಅವಳ ಗೆಳತಿಯರಲ್ಲಿ ಒಬ್ಬಳು 78 ಅರ್ಥಗಳನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದವಳಂತೆ. ಇನ್ನೊಬ್ಬಳು ಪುಸ್ತಕವನ್ನು ಮುಟ್ಟದೆ ಮನಸ್ಸಿಗೆ ಹೊಳೆದುದನ್ನೇ ಹೇಳುವವಳಂತೆ.

ಮಕ್ಕಳ ಆಟವೆಂದು ನಾನು ಸುಮ್ಮನಿರಬಹುದಾಗಿತ್ತು. ಆದರೆ ಆಗ ಅವಳಿಗೆ ದೂರದ ಊರೊಂದರಲ್ಲಿ ಮೇಲಿನ ವ್ಯಾಸಂಗಕ್ಕೆ ಸ್ಥಳ ದೊರೆತಿತ್ತು. ಹೋಗಬೇಕೊ ಬೇಡವೊ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ಬೆಳಗ್ಗೆ ಅವಳು ಎಲೆಯನ್ನು ತೆಗೆಯುವಾಗ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆಂದು ತಿಳಿದೊಡನೆಯೆ ನನಗೆ ಸಿಟ್ಟು ಬಂದಿತು. ವಯಸ್ಸಾದವನಿಗೆ ತಕ್ಕದ್ದಲ್ಲದ ಮಾತನ್ನು ಆಡಿಬಿಟ್ಟೆ. ಅವಳು ಎದುರಾಡಲಿಲ್ಲ; ಎಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು. ಆ ನನ್ನ ಸಿಟ್ಟಿಗೆ ಅವಳು ಕಾರಣಳಾಗಿರಲಿಲ್ಲ. ಕಾರಣವಿದ್ದದ್ದು ಅರುವತ್ತು ವರ್ಷಗಳಿಗೂ ಹಿಂದಿನ ಒಂದು ಜಾತ್ರೆಯಲ್ಲಿ.

ಸಂಕ್ರಾಂತಿಯ ವೇಳೆಗೆ ಚುಂಚನಕಟ್ಟೆಯಲ್ಲಿ ನಡೆಯುವ ದನಗಳ ಜಾತ್ರೆಯನ್ನು ನಮ್ಮ ಕಡೆಯವರಾರೂ ಅರಿಯದಿರಲಾರರು. ಆ ವರ್ಷ ನಮ್ಮ ತಂದೆಯವರು ಒಂದು ಜೊತೆ ಎತ್ತು ಕೊಳ್ಳಲು ಹೊರಟಾಗ ಅಜ್ಜಿಯೂ ನಾನೂ ಗಾಡಿ ಹತ್ತಿದೆವು. ಕಾವೇರಿಯಲ್ಲಿ ಮಿಂದು ಕೋದಂಡರಾಮನ ದರ್ಶನ ಮಾಡಿ ಬರುವ ದಾರಿಯಲ್ಲಿ, ಮರದ ಕೆಳಗೆ ಗಿಣಿಶಾಸ್ತ್ರದವನೊಬ್ಬನು ಕುಳಿತಿದ್ದನು. ಮುಂದೆ ಪಂಜರ, ಅದರ ಮುಂದೆ ಸಾಲಾಗಿ ಜೋಡಿಸಿದ ಮಾಸಲು ಎಲೆಗಳು. ಊರಿನ ಶಾಲೆ ಮುಗಿಸಿದ ಹುಡುಗನನ್ನು ಮೈಸೂರಿಗೆ ಓದಲು ಕಳುಹಿಸಬಹುದೆ ಎಂದು ಅಜ್ಜಿ ಕೇಳಿದಳು. ಗಿಣಿ ಹೊರಗೆ ಬಂದು, ಎರಡು ಎಲೆಗಳನ್ನು ಕೊಕ್ಕಿನಿಂದ ಸರಿಸಿ, ಮೂರನೆಯದನ್ನು ಎಳೆದು ಕೊಟ್ಟು, ಭತ್ತದ ಕಾಳೊಂದನ್ನು ಪಡೆದು ಪಂಜರಕ್ಕೆ ಹಿಂದಿರುಗಿತು. ಎಲೆಯಲ್ಲಿದ್ದುದು ಸೀತಾಲಕ್ಷ್ಮಣರೊಡನೆ ಕಾಡಿಗೆ ಹೊರಟ ಶ್ರೀರಾಮನ ಚಿತ್ರ. ಅಗಲಿಕೆಯ ಕಾಲ, ಈ ವರ್ಷ ಹುಡುಗ ಊರು ಬಿಡಬಾರದು ಎಂದು ಆತನು ಅರ್ಥ ಹೇಳಿದನು. ನನ್ನ ಜೊತೆಯ ಹುಡುಗರು ಮುಂದೆ ಹೋದರು. ನಾನು ಆ ಒಂದು ವರ್ಷ ಎತ್ತುಗಳ ಹಿಂದೆ ಕಳೆದೆ. ಒಂದು ಹಕ್ಕಿ ಕೊಕ್ಕಿನಿಂದೆಳೆದ ಎಲೆಗೆ ನನ್ನ ಒಂದು ವರ್ಷ ಬಲಿಯಾಯಿತೆಂಬ ಕಹಿ ಬಹುಕಾಲ ನನ್ನಲ್ಲಿ ಉಳಿಯಿತು.

ಆದುದರಿಂದ ಮೊಮ್ಮಗಳಿಗೆ ಬುದ್ಧಿ ಹೇಳಲು ಹೊರಟ ನಾನು, ಎಲೆಗಳನ್ನು ನಮ್ಮ ನಾಡಿನಲ್ಲಿ ಮತ್ತಾರೂ ತಿಳಿಯದಷ್ಟು ತಿಳಿದಿದ್ದ ಒಬ್ಬ ಮಹನೀಯರ ಕಥೆಯನ್ನು ಹೇಳಬೇಕೆಂದುಕೊಂಡೆ. ಅದಕ್ಕಾಗಿ ಹಳೆಯ ಪುಸ್ತಕಗಳನ್ನು ಮತ್ತೆ ತಿರುವಿದೆ. ಬುದ್ಧಿ ಬಂದದ್ದು ಅವಳಿಗೋ ನನಗೋ ಎಂಬುದನ್ನು ವಾಚಕರೇ ತೀರ್ಮಾನಿಸಲಿ. ಆ ಮಹನೀಯರು ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು.

ಅವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಅರಸುಮನೆತನದಲ್ಲಿ ಹುಟ್ಟಿದರೆಂದರೆ ತೊಟ್ಟಿಲಿಗೆ ಚಿನ್ನದ ಸರಪಣಿ ಇದ್ದಿರಬೇಕೆಂದು ನಾವು ಊಹಿಸುತ್ತೇವೆ. ಅಂದಿನ ಸ್ಥಿತಿಯೇ ಬೇರೆ. ರಾಜ್ಯದ ಅಧಿಕಾರವೆಲ್ಲ ಟಿಪ್ಪು ಸುಲ್ತಾನನ ಕೈಯಲ್ಲಿದ್ದಿತು. ಒಡೆಯರು ಹೆಸರಿಗೆ ಮಾತ್ರ ಒಡೆಯರಾಗಿದ್ದರು. ಮಗುವಿಗೆ ಎರಡು ವರ್ಷ ತುಂಬುವ ವೇಳೆಗೆ, 1796ರಲ್ಲಿ, ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಅನಂತರ ಆ ಪಟ್ಟಕ್ಕೆ ಯಾರನ್ನೂ ಕೂಡಿಸಲಿಲ್ಲ. ರಾಜಕುಟುಂಬವು ಅರಮನೆಯನ್ನು ಬಿಟ್ಟು ಒಂದು ಸಾಮಾನ್ಯವಾದ ಮನೆಯಲ್ಲಿ ಕಾವಲಿನ ನಡುವೆ ದಿನ ಕಳೆಯಬೇಕಾಯಿತು. ಆ ಮನೆಯ ಬಾಗಿಲಲ್ಲಿ ನಿಂತು, ಈ ಮಗು ಎಪ್ಪತ್ತು ದಾಟಿ ಬಾಳುವುದು, ಪಟ್ಟವೇರುವುದು, ಪಟ್ಟವನ್ನು ಕಳೆಯದೆಯೇ ರಾಜ್ಯವನ್ನು ಕಳೆದುಕೊಳ್ಳುವುದು ಎಂದು ಯಾವ ಶಕುನದವನು ಹೇಳಿದ್ದರೂ ಯಾರು ನಂಬುತ್ತಿದ್ದರು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಗೆದ್ದವರು ರಾಜ್ಯವನ್ನು ಹಂಚಿಕೊಂಡು ಮಿಕ್ಕ ಭಾಗವನ್ನು ಹಳೆಯ ಮನೆತನಕ್ಕೆ ಕೊಡಲು ನಿಶ್ಚಯಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ ನಡೆಯಿತು. ಹಳೆಯ ಅರಮನೆಯನ್ನು ಮೊದಲೇ ಕೆಡವಿದ್ದುದರಿಂದ ಚಪ್ಪರದ ಕೆಳಗೇ ಆ ಸಮಾರಂಭವಾಗಬೇಕಾಯಿತು. ಸಿಂಹಾಸನದ ಮೇಲೆ ಕುಳಿತ ದೊರೆಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಆ ದಿನಕ್ಕಾಗಿ ದೀರ್ಘಕಾಲ ಹೋರಾಡಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು ಬಾಲಕನಿಗೆ ರಕ್ಷಕರಾಗಿ ನಿಂತರು. ಆಡಳಿತವು ದಿವಾನ್ ಪೂರ್ಣಯ್ಯನವರ ಕೈಗೆ ಬಂದಿತು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಕಣ್ಮುಚ್ಚಿದರು. ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಮರುವರ್ಷವೇ ತೀರಿಕೊಂಡರು. ಹದಿನಾರು-ಹದಿನೇಳರ ತರುಣನು ಆಳುವ ಹೊಣೆಯನ್ನು ತಾನೇ ಹೊರಬೇಕಾಯಿತು.

ಮುಂದಿನ ಇಪ್ಪತ್ತು ವರ್ಷಗಳ ಆಳ್ವಿಕೆಯನ್ನು ಕುರಿತು ಇತಿಹಾಸಕಾರರಲ್ಲಿ ಎರಡು ಮಾತುಗಳಿವೆ. ಅರಸರು ಸೌಮ್ಯರು, ಉದಾರಿಗಳು, ವಿದ್ವಾಂಸರಿಗೂ ಕಲಾವಿದರಿಗೂ ಕಲ್ಪವೃಕ್ಷದಂತಿದ್ದವರು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ತಂದೆಯವರು ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂಬ ಹೆಸರನ್ನಿಟ್ಟು, ಅಲ್ಲಿ 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. 1827ರಲ್ಲಿ ಚಾಮುಂಡಿಬೆಟ್ಟದ ಗೋಪುರವೆದ್ದಿತು. 1829ರಲ್ಲಿ ಮೈಸೂರಿನ ಕೋಟೆಯೊಳಗೆ ಪ್ರಸನ್ನಕೃಷ್ಣಸ್ವಾಮಿಯ ಗುಡಿಯಾಯಿತು. ಆದರೆ ಬೊಕ್ಕಸವು ಬರಿದಾಗುತ್ತಿತ್ತು. ಕಂದಾಯವನ್ನು ಶರತ್ತಿನ ಮೇಲೆ ವಹಿಸಿಕೊಡುವ ಪದ್ಧತಿಯಿಂದ ರೈತರು ನೊಂದಿದ್ದರು. 1830ರಲ್ಲಿ ನಗರದ ಸೀಮೆಯಲ್ಲಿ ದಂಗೆಯೆದ್ದಿತು. ಇದನ್ನೇ ಕಾರಣವಾಗಿ ಮುಂದಿಟ್ಟು, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು 1831ರಲ್ಲಿ ರಾಜ್ಯದ ಆಡಳಿತವನ್ನು ಕಂಪೆನಿಯ ಕೈಗೆ ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿಯು 1833ರಲ್ಲಿ ವರದಿಯನ್ನು ಒಪ್ಪಿಸಿದ ಮೇಲೆ, ತಾನು ಅವಸರ ಮಾಡಿದೆನೆಂದು ಬೆಂಟಿಂಕನಿಗೇ ಅನ್ನಿಸಿತು; ಆದರೆ ಇಂಗ್ಲೆಂಡಿನಲ್ಲಿದ್ದ ಕಂಪೆನಿಯ ನಿರ್ದೇಶಕರು ಹಿಡಿದುದನ್ನು ಬಿಡಲಿಲ್ಲ.

ಅರಸರಿಗೆ ಆಗ ಮೂವತ್ತೇಳು ವರ್ಷ. ಪಟ್ಟವು ಉಳಿದಿತ್ತು, ದಸರೆಯ ದರ್ಬಾರು ಉಳಿದಿತ್ತು, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಭಾಗವು ಅವರ ಖರ್ಚಿಗೆ ಬರುತ್ತಿತ್ತು. ಆದರೆ ಅಪ್ಪಣೆಗಳು ಹೊರಡುತ್ತಿದ್ದುದು ಬೆಂಗಳೂರಿನಿಂದ. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು ನಾಡನ್ನು ಆಳಿದನು. ಸಿಂಹಾಸನದ ಮೇಲೆ ಕುಳಿತೂ ಆಳದಿರುವ ಈ ಸ್ಥಿತಿ ಅರಸರ ಕೊನೆಯುಸಿರಿನವರೆಗೆ, ಎಂದರೆ ಮೂವತ್ತಾರು ವರ್ಷಗಳಿಗೂ ಮಿಕ್ಕು, ನಡೆಯಿತು.

ಇಂತಹ ಬಿಡುವು ಬಂದರೆ ಮನುಷ್ಯನು ಏನು ಮಾಡುತ್ತಾನೆ? ಕೆಲವರು ಕುಡಿತದಲ್ಲಿ ಮುಳುಗುತ್ತಾರೆ, ಕೆಲವರು ಕಹಿಯಲ್ಲಿ. ಮುಮ್ಮಡಿಯವರು ಅರಮನೆಯನ್ನೇ ಒಂದು ವಿದ್ಯಾಶಾಲೆಯನ್ನಾಗಿ ಮಾಡಿದರು. ಅಧಿಕಾರ ಹೋದ ಎರಡೇ ವರ್ಷಕ್ಕೆ, 1833ರಲ್ಲಿ, ಮೈಸೂರಿನಲ್ಲಿ ಅವರು ಸ್ಥಾಪಿಸಿದ ಇಂಗ್ಲಿಷ್ ಶಾಲೆಯೇ ಕಾಲಕ್ರಮದಲ್ಲಿ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಕನ್ನಡದಲ್ಲಿ ಗದ್ಯಗ್ರಂಥಗಳು ಅವರ ಆಶ್ರಯದಲ್ಲಿ ಹೊರಬಂದವು. ಕೆಂಪುನಾರಾಯಣನ ಮುದ್ರಾಮಂಜೂಷವು 1823ರಷ್ಟು ಹಿಂದೆಯೇ ಅವರ ಆಸ್ಥಾನದಲ್ಲಿ ಹುಟ್ಟಿತ್ತು. ಅಳಿಯ ಲಿಂಗರಾಜರಂತಹ ಕವಿಗಳು ಅವರ ಸಮೀಪದಲ್ಲಿದ್ದರು. ಮೈಸೂರು ಶೈಲಿಯ ಚಿತ್ರಕಾರರಿಗೆ ಕೈತುಂಬ ಕೆಲಸವಿದ್ದಿತು.

ಇವೆಲ್ಲಕ್ಕೂ ಕಲಶವಿಟ್ಟಂತಹ ಗ್ರಂಥವು ಶ್ರೀತತ್ತ್ವನಿಧಿ. ಇದರಲ್ಲಿ ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ದೇವತೆಗಳ ಧ್ಯಾನಶ್ಲೋಕಗಳನ್ನು ನಾನಾ ಗ್ರಂಥಗಳಿಂದ ಆರಿಸಿ, ಪ್ರತಿಯೊಂದಕ್ಕೂ ಬಣ್ಣದ ಚಿತ್ರವನ್ನು ಬರೆಯಿಸಿದ ಮಹಾಸಂಗ್ರಹವಿದು. ಧ್ಯಾನಶ್ಲೋಕವೆಂದರೆ ದೇವತೆಯ ರೂಪವನ್ನು ಕಣ್ಣಮುಂದೆ ನಿಲ್ಲಿಸುವ ಪದ್ಯ. ಮುಖಗಳೆಷ್ಟು, ತೋಳುಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣವೇನು, ವಾಹನವಾವುದು ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ಅದನ್ನು ಕೇಳಿ ಚಿತ್ರಕಾರನು ರೇಖೆ ಎಳೆಯುತ್ತಾನೆ. ನೋಡುವವನು ಚಿತ್ರದಿಂದ ಮತ್ತೆ ಶ್ಲೋಕಕ್ಕೆ ಹೋಗುತ್ತಾನೆ. ಕೊನೆಯದಾದ ಕೌತುಕನಿಧಿಯಲ್ಲಿ ಅರಸರಿಗೆ ಸೋಜಿಗವೆನಿಸಿದ ವಿಷಯಗಳಿಗೆಲ್ಲ ಎಡೆಯಿದೆ. 122 ಯೋಗಾಸನಗಳ ಚಿತ್ರಗಳಿರುವುದು ಅಲ್ಲಿಯೇ. ಎಲೆಗಳ ಆಟಗಳಿರುವುದೂ ಅಲ್ಲಿಯೇ.

ಈ ಎಲೆಗಳಿಗೆ ಗಂಜೀಫಾ ಎಂದು ಹೆಸರು. 1527ರಲ್ಲಿ ಬಾಬರನು ಸಿಂಧಿನಲ್ಲಿದ್ದ ಗೆಳೆಯನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ವಿಷಯವು ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ ಎಂಟು ರಂಗು, 96 ಎಲೆ. ಅದು ನಮ್ಮ ನಾಡಿನ ಮಣ್ಣಿಗೆ ಹೊಂದಿಕೊಂಡು ದಶಾವತಾರದ ಕಟ್ಟಾಯಿತು: ಹತ್ತು ಅವತಾರಗಳಿಗೆ ಹತ್ತು ರಂಗು, ರಂಗಿಗೆ ಹನ್ನೆರಡರಂತೆ 120 ಎಲೆ. ಪ್ರತಿ ರಂಗಿನಲ್ಲಿಯೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ಎಲೆಗಳು ಸಾಮಾನ್ಯವಾಗಿ ದುಂಡಗೆ. ಸಿರಿವಂತರಿಗೆ ದಂತದ ಅಥವಾ ಆಮೆಯ ಚಿಪ್ಪಿನ ಎಲೆ. ಬಡವರಿಗೆ ತಾಳೆಗರಿ, ಕಾಗದ, ಅಂಟಿನಿಂದ ಗಟ್ಟಿ ಮಾಡಿದ ಬಟ್ಟೆ.

ಆಡುವ ಕ್ರಮದಲ್ಲಿಯೂ ಒಂದು ಸ್ವಾರಸ್ಯವಿದೆ. ಹಗಲಿನಲ್ಲಿ ಆಡಿದರೆ ರಾಮನ ರಂಗಿನವನು ಮೊದಲು ಎಲೆ ಹಾಕಬೇಕು. ರಾತ್ರಿಯಲ್ಲಾದರೆ ಕೃಷ್ಣನ ರಂಗಿನವನು. ಅರ್ಧ ರಂಗುಗಳಲ್ಲಿ ರಾಜಮಂತ್ರಿಗಳ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಹೀಗಾಗಿ ಕೈಗೆ ಬಂದ ಎಲೆ ದೊಡ್ಡದೊ ಸಣ್ಣದೊ ಎಂಬುದು ಅದರ ಮೇಲಿನ ಅಂಕಿಯಿಂದ ಮಾತ್ರ ತಿಳಿಯುವುದಿಲ್ಲ. ಅದು ಯಾವ ರಂಗಿಗೆ ಸೇರಿದ್ದು, ಅದರ ಮೇಲಿನ ಯಾವ ಯಾವ ಎಲೆಗಳು ಈಗಾಗಲೆ ಬಿದ್ದುಹೋಗಿವೆ ಎಂಬುದನ್ನು ನೆನಪಿನಲ್ಲಿಟ್ಟವನಿಗೆ ಮಾತ್ರ ತಿಳಿಯುತ್ತದೆ. ಬಿದ್ದ ಎಲೆಗಳನ್ನು ಮರೆತವನು ಕೈಯಲ್ಲಿರುವ ಎಲೆಯನ್ನು ಅರಿಯಲಾರ.

ಅರಸರಿಗೆ ಇದೂ ಸಾಲದಾಯಿತು. ತಮ್ಮದೇ ಆದ ಹದಿಮೂರು ಆಟಗಳನ್ನು ಅವರು ಕಲ್ಪಿಸಿದರು. ಇವುಗಳಿಗೆ ಛದಗಳೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ನಾವು ಹಳ್ಳಿಯಲ್ಲಿ ಆಟದ ಎಲೆಯೆನ್ನುವುದೂ ಅದನ್ನೇ. ಚಾಮುಂಡೇಶ್ವರಿಯ ಹೆಸರಿನದೊಂದು, ನವಗ್ರಹದ್ದೊಂದು, ಪಂಚಪಾಂಡವರದೊಂದು, ದಿಕ್ಪಾಲಕರದೊಂದು, ನವೀನ ರಾಮ ಛದವೆಂಬುದೊಂದು, ಜಗನ್ಮೋಹನ ಛದವೆಂಬುದೊಂದು. ಸಾಮಾನ್ಯವಾಗಿ ರಂಗಿಗೆ ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ಕೆಲವು ಆಟಗಳಲ್ಲಿ ಹದಿನೆಂಟು ರಂಗುಗಳವರೆಗೂ ಇದ್ದವು; ಕಟ್ಟುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು. ಕೆಲವು ಆಟಗಳಲ್ಲಿ ಯಾವಾಗಲೂ ತುರುಫಾಗಿಯೇ ಇರುವ ಎಲೆಗಳನ್ನೂ ಅವರು ಇರಿಸಿದರು. ಇಷ್ಟು ಜಟಿಲವಾದ ಆಟ ಜನಸಾಮಾನ್ಯರಿಗೆ ಒಗ್ಗಲಿಲ್ಲ. ಅರಮನೆಯ ಹೊಸಿಲನ್ನು ಅದು ಹೆಚ್ಚಾಗಿ ದಾಟಿದಂತೆ ಕಾಣುವುದಿಲ್ಲ. ಭಾರತದ ಎಲೆಗಳ ಮೇಲೆ 1982ರಲ್ಲಿ ಗ್ರಂಥ ಬರೆದ ರುಡಾಲ್ಫ್ ಫಾನ್ ಲೇಡನ್ನರಂತಹ ವಿದ್ವಾಂಸರೂ, ಗಂಜೀಫಾ ರಘುಪತಿ ಭಟ್ಟರಂತಹ ಚಿತ್ರಕಾರರೂ ಗಮನ ಹರಿಸಿದ ಮೇಲೆ ಈ ಎಲೆಗಳ ಹೆಸರು ಮತ್ತೆ ಕೇಳಿಬಂದಿತು.

ಇಲ್ಲಿಗೆ ಬಂದಾಗ ಮೊಮ್ಮಗಳು ನನ್ನನ್ನು ತಡೆದಳು. ಅವಳ ಕಟ್ಟಿನ 22 ಚಿತ್ರದ ಎಲೆಗಳೂ ಮೊದಲು ತುರುಫಿನ ಎಲೆಗಳೇ ಆಗಿದ್ದವಂತೆ. ಆಮೇಲೆ ನಾನೂ ಓದಿ ನೋಡಿದೆ. ಅವಳು ಹೇಳಿದುದು ನಿಜ. ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಟ್ಯಾರೋ ಹುಟ್ಟಿದ್ದು ಒಂದು ಆಟವಾಗಿ. ಆ ಚಿತ್ರದ ಎಲೆಗಳಿಗೆ ವಿಜಯವೆಂಬ ಅರ್ಥದ ಹೆಸರಿದ್ದಿತು. ನಮ್ಮ ತುರುಫು ಎಂಬ ಮಾತಿಗೂ ಆ ಹೆಸರಿಗೂ ದೂರದ ನಂಟಿದೆ. ಮುನ್ನೂರು ವರ್ಷ ಅದನ್ನು ಜನ ಆಡಿದರು. ಅದರಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವಿದೆಯೆಂದು ಪ್ಯಾರಿಸಿನ ಕೂರ್ ದ ಜೆಬೆಲಾನನು ಬರೆದದ್ದು 1781ರಲ್ಲಿ. ಅದಕ್ಕೆ ಆಧಾರವೇನೂ ಇರಲಿಲ್ಲ. ಆದರೂ ಅಂದಿನಿಂದ ಆಟದ ಎಲೆ ಶಕುನದ ಎಲೆಯೂ ಆಯಿತು. ಅದಾದ ಹದಿಮೂರು ವರ್ಷಕ್ಕೆ ಮುಮ್ಮಡಿಯವರು ಹುಟ್ಟಿದರು. ಪಶ್ಚಿಮದಲ್ಲಿ ಎಲೆಗಳಿಂದ ನಾಳೆಯನ್ನು ಕೇಳುವುದು ಬೆಳೆಯುತ್ತಿದ್ದ ಕಾಲದಲ್ಲಿಯೇ ಮೈಸೂರಿನ ಅರಸರು ತಮ್ಮ ಎಲೆಗಳನ್ನು ಮಾಡಿಸಿದರು.

ಇಲ್ಲಿ ನನಗೆ ಒಂದು ಸಂಗತಿ ಬಹಳ ಮುಖ್ಯವೆಂದು ತೋರುತ್ತದೆ. ಅರಸರು ಗ್ರಹಗಳನ್ನು ಅಲಕ್ಷಿಸಿದವರಲ್ಲ. ಅವುಗಳಿಗೆ ಒಂದು ನಿಧಿಯನ್ನೇ ಮೀಸಲಿಟ್ಟವರು. ಆದರೆ ಎಲೆಗಳನ್ನು ಗ್ರಹನಿಧಿಯಲ್ಲಿ ಸೇರಿಸಲಿಲ್ಲ, ಕೌತುಕನಿಧಿಯಲ್ಲಿ ಇರಿಸಿದರು. ನವಗ್ರಹಗಳೇ ಎಲೆಗಳಾಗಿ ಕೈಗೆ ಬಂದಾಗಲೂ ಅವು ಆಡುವ ಎಲೆಗಳೇ ಆದವು. ರಾಜ್ಯವು ಎಂದು ಹಿಂದಿರುಗುವುದೆಂದು ತಿಳಿಯಲು ಅವರಿಗಿಂತ ಹೆಚ್ಚಿನ ಕಾರಣವಿದ್ದವರು ಯಾರಿದ್ದರು? ಆದರೂ ಅವರು ಬರೆಯಿಸಿದ್ದು ಭವಿಷ್ಯವನ್ನು ಹೇಳುವ ಎಲೆಗಳನ್ನಲ್ಲ. ನೋಡುವವನು ನಿಂತು, ರೂಪವನ್ನು ಗುರುತಿಸಿ, ನೆನಪಿನಲ್ಲಿಟ್ಟುಕೊಳ್ಳಬೇಕಾದ ಎಲೆಗಳನ್ನು. ಅವರ ಎಲೆಯನ್ನು ಓದುವುದೆಂದರೆ ಮೊದಲು ಚೆನ್ನಾಗಿ ನೋಡುವುದು.

ಹಾಗೆಂದು ಅವರು ಆಟದಲ್ಲಿ ಮೈಮರೆತು ರಾಜ್ಯದ ಚಿಂತೆಯನ್ನು ಬಿಟ್ಟವರೆಂದು ಯಾರೂ ತಿಳಿಯಬಾರದು. ಮನವಿಯ ಮೇಲೆ ಮನವಿಯನ್ನು ಅವರು ಕಳುಹಿಸುತ್ತಲೇ ಇದ್ದರು. 1857ರ ದಂಗೆಯ ಕಾಲದಲ್ಲಿ ನಾಡನ್ನು ಶಾಂತವಾಗಿಟ್ಟುದಕ್ಕೆ ಗವರ್ನರ್ ಜನರಲ್ ಕ್ಯಾನಿಂಗನು 1860ರಲ್ಲಿ ಅವರಿಗೆ ಕೃತಜ್ಞತೆಯ ಪತ್ರವನ್ನು ಬರೆದನು. ಅದೇ ವರ್ಷ ಮೈಸೂರನ್ನು ಮದರಾಸಿನ ಸರ್ಕಾರಕ್ಕೆ ಅಧೀನಗೊಳಿಸುವ ಸೂಚನೆ ಬಂದಾಗ ಅರಸರು ಬಲವಾಗಿ ಪ್ರತಿಭಟಿಸಿ ಅದನ್ನು ನಿಲ್ಲಿಸಿದರು. ಕೈಯಲ್ಲಿ ಉಳಿದಿದ್ದ ಚಿಕ್ಕ ಎಲೆಯನ್ನು ತಕ್ಕ ಸಮಯದಲ್ಲಿ ಹಾಕುವುದನ್ನು ಅವರು ಬಲ್ಲವರಾಗಿದ್ದರು. ಆದರೆ 1861ರಲ್ಲಿ ರಾಜ್ಯವನ್ನೇ ಹಿಂದಕ್ಕೆ ಕೊಡಬೇಕೆಂದು ಬರೆದಾಗ, ಮರುವರ್ಷ ಅದೇ ಕ್ಯಾನಿಂಗನಿಂದ ಬಂದದ್ದು ನಿರಾಕರಣೆಯ ಉತ್ತರ.

ಈ ನಡುವೆ 1861ರಲ್ಲಿ ಜಗನ್ಮೋಹನ ಅರಮನೆಯು ಎದ್ದಿತು. ಅರಸರಿಗೆ ಆಗ ಅರುವತ್ತೇಳು. ಗಂಡುಸಂತಾನವಿರಲಿಲ್ಲ. ತಾವು ಕಣ್ಮುಚ್ಚಿದೊಡನೆ ರಾಜ್ಯವು ಶಾಶ್ವತವಾಗಿ ಬ್ರಿಟಿಷರದಾಗುವುದೆಂಬ ಭಯವು ದಿನದಿನಕ್ಕೆ ಹೆಚ್ಚುತ್ತಿತ್ತು. 1865ರ ಜೂನ್ 18ರಂದು ಅವರು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಬಾಲಕನನ್ನು ದತ್ತು ತೆಗೆದುಕೊಂಡರು. ಗವರ್ನರ್ ಜನರಲ್ ಲಾರೆನ್ಸನು ಅದನ್ನು ಒಪ್ಪಲಿಲ್ಲ. ವಾದವು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೆ ಹೋಯಿತು. ಕೊನೆಗೆ 1867ರಲ್ಲಿ ಅಲ್ಲಿನ ಸರ್ಕಾರವು ದತ್ತಕವನ್ನು ಮಾನ್ಯ ಮಾಡಿತು. ಮೂವತ್ತಾರು ವರ್ಷ ಕಾದು ಕುಳಿತ ಆಟಗಾರನಿಗೆ ಸಿಕ್ಕ ಒಂದೇ ಒಂದು ಗೆಲುವು ಅದು. ಅದು ತಮಗಲ್ಲ, ಮುಂದಿನವರಿಗೆ ಎಂಬುದನ್ನು ಅವರು ಬಲ್ಲವರಾಗಿದ್ದರು.

1868ರ ಮಾರ್ಚ್ 27ರಂದು, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ದೈವಾಧೀನರಾದರು. ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಅದೇ ವರ್ಷ ಪಟ್ಟವಾಯಿತು. ರಾಜ್ಯವು ಅವರ ಕೈಗೆ ಹಿಂದಿರುಗಿದ್ದು 1881ರ ಮಾರ್ಚ್ 25ರಂದು. ಇನ್ನೆರಡು ದಿನ ಕಳೆದಿದ್ದರೆ ಹಿರಿಯರು ಹೋಗಿ ಸರಿಯಾಗಿ ಹದಿಮೂರು ವರ್ಷ ತುಂಬುತ್ತಿತ್ತು. ಬಾಳಿನ ಅರ್ಧಭಾಗವನ್ನು ಯಾವುದಕ್ಕಾಗಿ ಕಾದರೋ ಅದು ಅವರ ಕಣ್ಣಿಗೆ ಬೀಳಲಿಲ್ಲ. ಆದರೆ ಕಾಯುತ್ತಿದ್ದಾಗ ಮಾಡಿದುದೆಲ್ಲ ಉಳಿಯಿತು.

ಕಥೆಯನ್ನು ಮುಗಿಸಿದ ಮೇಲೆ ನನಗೆ ಒಂದು ಹಳೆಯ ನೆನಪು ಬಂದಿತು. ಓದಲು ಮೈಸೂರಿಗೆ ಹೋದ ಮೊದಲ ವರ್ಷ ನಾನು ಜಗನ್ಮೋಹನ ಅರಮನೆಯ ಮೇಲಂತಸ್ತನ್ನು ಹತ್ತಿದ್ದೆ. ಅಲ್ಲಿಯ ರಂಗಮಹಲಿನ ಗೋಡೆಗಳ ಮೇಲೆ ಮುಮ್ಮಡಿಯವರ ಆಟದ ಮಣೆಗಳನ್ನು ಬಣ್ಣದಲ್ಲಿ ಬರೆದಿದ್ದರು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳ ಮೇಲೂ ಒಂದೊಂದು ಸಲ ಮಾತ್ರ ನಡೆಸುವ ಲೆಕ್ಕದಲ್ಲಿಯೂ ಅರಸರು ಪ್ರವೀಣರೆಂದು ಅಂದು ಕೇಳಿದೆ. ಒಂದು ವರ್ಷ ತಡವಾಗಿ ಬಂದವನೆಂಬ ಕೊರಗಿನಲ್ಲಿದ್ದ ಹುಡುಗನಿಗೆ ಆ ಗೋಡೆಗಳು ಆಗ ಏನನ್ನೂ ಹೇಳಲಿಲ್ಲ. ರಾಜ್ಯವಿಲ್ಲದ ದೊರೆ ಹೊತ್ತು ಕಳೆಯಲು ಮಾಡಿದ್ದೆಂದು ತಿಳಿದು ಇಳಿದುಬಂದೆ.

ಮೊಮ್ಮಗಳು ಕೇಳಿದಳು: ಗಿಣಿ ತೆಗೆದ ಎಲೆಯಲ್ಲಿ ನನಗೆ ಕಂಡದ್ದೇನು ಎಂದು. ಶಾಸ್ತ್ರದವನು ಹೇಳಿದ ಅರ್ಥವನ್ನು ನಾನು ಹೇಳಹೊರಟಾಗ, ಅದಲ್ಲ, ಚಿತ್ರದಲ್ಲಿ ಏನಿತ್ತು ಎಂದು ಮತ್ತೆ ಕೇಳಿದಳು. ನಾನು ಕಣ್ಣು ಮುಚ್ಚಿ ನೆನೆದುಕೊಂಡೆ. ರಾಮನ ಮುಖದಲ್ಲಿ ಅಳುವಿರಲಿಲ್ಲ. ಸೀತೆ ಹಿಂದಿರುಗಿ ನೋಡುತ್ತಿದ್ದಳು. ಮರವೊಂದರಲ್ಲಿ ಹಣ್ಣುಗಳಿದ್ದವು. ಅರುವತ್ತು ವರ್ಷಗಳಿಂದ ನಾನು ದ್ವೇಷಿಸಿದ ಆ ಎಲೆಯನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ರಾಮಾಯಣದ ಬಹುಭಾಗವು ನಡೆಯುವುದು ಕಾಡಿನಲ್ಲಿಯೇ ಎಂಬುದು ನನಗೂ ಹೊಳೆದಿರಲಿಲ್ಲ, ನನ್ನ ಅಜ್ಜಿಗೂ ಹೊಳೆದಿರಲಿಲ್ಲ.

ಆಗ ಇನ್ನೊಂದು ವಿಷಯವನ್ನೂ ಅವಳಿಗೆ ಹೇಳಿದೆ. ನಾನು ಊರಿನಲ್ಲಿಯೇ ಉಳಿದ ಆ ವರ್ಷ, ದಿನವೂ ಸಂಜೆ, ನಮ್ಮ ತಂದೆಯವರು ಎತ್ತುಗಳಿಗೆ ಹುಲ್ಲು ಹಾಕಿ ಬಂದು ಜೈಮಿನಿ ಭಾರತವನ್ನು ಓದಿ ನನಗೆ ಅರ್ಥ ಹೇಳುತ್ತಿದ್ದರು. ಚೌಕಾಬಾರದಲ್ಲಿ ಕಾಯಿ ನಡೆಸುವ ಜಾಣತನವನ್ನು ಕಲಿಸಿದವರೂ ಅವರೇ. ಮರುವರ್ಷ ನನ್ನನ್ನು ಮೈಸೂರಿನಲ್ಲಿ ಬಿಟ್ಟು ಹೋದವರು ಮೂರು ತಿಂಗಳೊಳಗೆ ಜ್ವರದಿಂದ ತೀರಿಕೊಂಡರು. ಎಲೆಗೆ ಇದು ತಿಳಿದಿತ್ತೆಂದು ನಾನು ಹೇಳಲಾರೆ. ಗಿಣಿಗೆ ತಿಳಿದಿದ್ದುದು ಭತ್ತದ ಕಾಳು ಮಾತ್ರ. ಆದರೆ ಕಳೆದುಹೋಯಿತೆಂದು ನಾನು ಲೆಕ್ಕ ಹಾಕಿದ್ದ ಆ ವರ್ಷವೇ ತಂದೆಯವರೊಡನೆ ನನಗೆ ದೊರೆತ ಕೊನೆಯ ವರ್ಷ. ಅದು ಯಾವ ರಂಗಿನ ಎಲೆಯೆಂದು ತಿಳಿಯದೆ, ಅಂಕಿಯನ್ನು ಮಾತ್ರ ನೋಡಿ, ಚಿಕ್ಕದೆಂದು ನಾನು ಎಸೆದಿದ್ದೆ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ ನೋಟು ಪುಸ್ತಕವನ್ನು ತಂದು, ಏನನ್ನೊ ಬರೆಯುತ್ತ ಕುಳಿತಳು. ಮರುದಿನ ಬೆಳಗ್ಗೆ ಅವಳು ಎಲೆಗಳ ಕಟ್ಟನ್ನು ಬಿಚ್ಚಿದಾಗ ನಾನು ಆಕ್ಷೇಪಿಸಲಿಲ್ಲ. ಪಕ್ಕದಲ್ಲಿ ಕುಳಿತು ಚಿತ್ರವನ್ನು ಅವಳೊಡನೆ ನೋಡಿದೆ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ, ತಂದೆತಾಯಿಗಳೊಡನೆ ಮಾತನಾಡಿ, ತನಗೆ ದೊರೆತ ಸ್ಥಳವನ್ನು ಒಪ್ಪಿಕೊಂಡು ಅವಳು ದೂರದ ಊರಿಗೆ ಹೊರಟಳು. ಆ ಮೊದಲಿನ ಬೆಳಗ್ಗೆ ತೆಗೆದ ಎಲೆ ಯಾವುದೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.